ಪೆನ್ಸಿಲ್‌ಗೆ ಮೊದಲು ಅವರೆಕಾಳು

ಓದುಗರ ಪತ್ರ

“ಮಾನ್ಯ ಸಂಪಾದಕರೇ, ನನ್ನ ಮಗಳಿಗೆ ಬರುವ ಜೂನ್ 1ಕ್ಕೆ 5 ವರ್ಷ 10 ತಿಂಗಳು. ಯುಕೆಜಿ ಮುಗಿಸಿದ್ದಾಳೆ. ಆರು ತುಂಬಿಲ್ಲ, ಒಂದನೇ ತರಗತಿಗೆ ತೆಗೆದುಕೊಳ್ಳಲಾಗದು, ಇನ್ನೊಂದು ವರ್ಷ ಯುಕೆಜಿಯಲ್ಲೇ ಕೂರಲಿ ಎನ್ನುತ್ತಾರೆ. ಅವಳಿಗೆ ಎಬಿಸಿಡಿ, ಅಆಇಈ ಎಲ್ಲ ಬರುತ್ತದೆ. ನೂರರವರೆಗೆ ತಡವರಿಸದೆ ಎಣಿಸುತ್ತಾಳೆ. ದಿನಾ ಎರಡು ಪುಟ ಕಾಪಿ ಬರೆಯುತ್ತಾಳೆ. ಸ್ವಲ್ಪ ಹೊತ್ತಿಗೆ ಕೈ ನೋವು ಅನ್ನುತ್ತಾಳೆ, ಆದರೂ ಬಿಡದೆ ಬರೆಸುತ್ತೇವೆ. ಎರಡು ತಿಂಗಳ ಕೊರತೆಗೆ ಒಂದಿಡೀ ವರ್ಷ ಆಟವಾಡಿಕೊಂಡು ಹಾಳು ಮಾಡಬೇಕೇ? ಈ ನಿಯಮದ ವಿರುದ್ಧ ನಿಮ್ಮ ಪತ್ರಿಕೆ ದನಿ ಎತ್ತಬೇಕು.”
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ

ತಾಯೀ, ನಿಮ್ಮ ಪತ್ರವನ್ನು ಎರಡು ಸಲ ಓದಿದೆವು. ಮೊದಲ ಸಲ ನಿಮ್ಮ ಕೋಪ ಕಂಡಿತು. ಎರಡನೇ ಸಲ, ನಡುವೆ ಎಲ್ಲೋ ಸಿಕ್ಕಿಕೊಂಡಿದ್ದ ಒಂದು ಸಾಲು ಚುಚ್ಚಿತು: ‘ಕೈ ನೋವು ಅನ್ನುತ್ತಾಳೆ, ಆದರೂ ಬಿಡದೆ ಬರೆಸುತ್ತೇವೆ.’ ನೀವು ಕೇಳಿದ ಪ್ರಶ್ನೆಗಿಂತ ಈ ಸಾಲಿಗೇ ಉದ್ದದ ಉತ್ತರ ಬರೆಯುತ್ತಿದ್ದೇವೆ. ಬೇಸರ ಮಾಡಿಕೊಳ್ಳಬೇಡಿ.

ನಿಮ್ಮ ದೂರಿನಲ್ಲಿ ನ್ಯಾಯವಿದೆ, ಅದನ್ನು ಮೊದಲೇ ಒಪ್ಪಿಕೊಳ್ಳೋಣ. ವಯಸ್ಸಿನ ಈ ನಿಯಮವನ್ನು ನಮ್ಮ ರಾಜ್ಯದಲ್ಲಿ ಜಗ್ಗಾಡಿದ ರೀತಿ ಯಾರಿಗಾದರೂ ತಲೆ ಕೆಡಿಸುವಂಥದ್ದೇ. ಜೂನ್ 1ಕ್ಕೆ ಆರು ತುಂಬಿದ್ದರೆ ಮಾತ್ರ ಒಂದನೇ ತರಗತಿ ಎಂದು 2022ರ ಜುಲೈನಲ್ಲಿ ಆದೇಶ ಬಂತು. ಆಗಲೇ ಎಲ್‌ಕೆಜಿ, ಯುಕೆಜಿಯಲ್ಲಿ ಕೂತಿದ್ದ ಮಕ್ಕಳ ಗತಿಯೇನು ಎಂದು ಪೋಷಕರು ಕೇಳಿದಾಗ, ಅದೇ ನವೆಂಬರ್‌ನಲ್ಲಿ ಜಾರಿಯನ್ನು 2025–26ಕ್ಕೆ ಮುಂದೂಡಿದರು. 2025ರ ಏಪ್ರಿಲ್‌ನಲ್ಲಿ ಆ ಒಂದು ವರ್ಷದ ಮಟ್ಟಿಗೆ, ಯುಕೆಜಿ ಮುಗಿಸಿದ ಮಗುವಿಗೆ 5 ವರ್ಷ 5 ತಿಂಗಳಾಗಿದ್ದರೆ ಸಾಕು ಎಂದರು. ಜೂನ್ 1ಕ್ಕೆ ಹುಟ್ಟಿದ ಮಗು ಒಳಗೆ, 2ಕ್ಕೆ ಹುಟ್ಟಿದ್ದು ಹೊರಗೆ. ಹೆಚ್ಚುವರಿ ವರ್ಷದ ಫೀಸು ನಿಮ್ಮ ತಲೆಗೆ. ತಡವಾಗಿ ಸೇರಿದ ಮಾತ್ರಕ್ಕೆ ಮಗು ಮೇಧಾವಿಯಾಗುವುದೂ ಇಲ್ಲ. ನಾರ್ವೆಯಲ್ಲಿ ಜನಸಂಖ್ಯೆಯ ದಾಖಲೆಗಳನ್ನು ಜಾಲಾಡಿದ ಅರ್ಥಶಾಸ್ತ್ರಜ್ಞರಿಗೆ, ಬೇಗ ಸೇರಿದವರಿಗೂ ತಡವಾಗಿ ಸೇರಿದವರಿಗೂ ಮೂವತ್ತರ ವಯಸ್ಸಿನ ಗಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಇಷ್ಟು ನಿಮ್ಮ ಪರ.

ಇನ್ನು ನಮ್ಮ ತಕರಾರು. ‘ಒಂದಿಡೀ ವರ್ಷ ಆಟವಾಡಿಕೊಂಡು ಹಾಳು’ ಅಂದಿರಲ್ಲ, ಆ ಮಾತಿಗೆ.

ತರಗತಿಯಲ್ಲಿ ಎಲ್ಲರಿಗಿಂತ ಕಿರಿಯ ಮಗುವಾಗಿ ಕೂರುವುದರ ಬೆಲೆ ಏನೆಂದು ಅಮೆರಿಕದ ವಿಮಾ ದಾಖಲೆಗಳು ತೋರಿಸಿವೆ. ಅಲ್ಲಿನ ಹಲವು ರಾಜ್ಯಗಳಲ್ಲಿ ಶಾಲೆಗೆ ಸೇರುವ ವಯಸ್ಸಿನ ಗೆರೆ ಸೆಪ್ಟೆಂಬರ್ 1. ಆಗಸ್ಟ್‌ನಲ್ಲಿ ಹುಟ್ಟಿದವರು ತರಗತಿಯ ಅತಿ ಕಿರಿಯರು, ಸೆಪ್ಟೆಂಬರ್‌ನವರು ಅತಿ ಹಿರಿಯರು. 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಂಥ ರಾಜ್ಯಗಳಲ್ಲಿ ಆಗಸ್ಟ್ ಮಕ್ಕಳಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಎಂಬ ಹಣೆಪಟ್ಟಿ ಅಂಟಿದ್ದು ಸೆಪ್ಟೆಂಬರ್ ಮಕ್ಕಳಿಗಿಂತ 34% ಹೆಚ್ಚು. ಮಿದುಳಿನ ತೊಂದರೆ ಹುಟ್ಟಿದ ತಿಂಗಳನ್ನು ನೋಡಿಕೊಂಡು ಬರುವುದಿಲ್ಲ. ಒಂದು ವರ್ಷ ಚಿಕ್ಕದಾದ ಮಗು ಒಂದು ವರ್ಷ ಚಿಕ್ಕದಾಗಿಯೇ ವರ್ತಿಸಿದ್ದನ್ನು ದೊಡ್ಡವರು ಕಾಯಿಲೆ ಎಂದು ಓದಿಕೊಂಡರು, ಅಷ್ಟೆ. ನಮ್ಮ ಪರಿಸ್ಥಿತಿ ಇನ್ನೂ ಕಲಸುಮೇಲೋಗರ. 24 ರಾಜ್ಯಗಳ 26 ಜಿಲ್ಲೆಗಳಲ್ಲಿ ನಡೆದ 2019ರ, ಮಕ್ಕಳ ಕಲಿಕೆ ಅಳೆಯುವ ‘ಅಸರ್’ ಸಮೀಕ್ಷೆಯಲ್ಲಿ, ಒಂದನೇ ತರಗತಿಯಲ್ಲಿದ್ದ ಮಕ್ಕಳಲ್ಲಿ ಆರು ವರ್ಷದವರು 41.7% ಮಾತ್ರ. 21.9% ಮಕ್ಕಳಿಗೆ ನಾಲ್ಕೋ ಐದೋ ವರ್ಷ, ಉಳಿದವರಿಗೆ ಏಳು–ಎಂಟು. ಒಂದೇ ಹಲಗೆಯ ಮೇಲೆ, ಒಂದೇ ಪುಸ್ತಕ ಹಿಡಿದು ಇವರೆಲ್ಲ ಕೂತಿದ್ದಾರೆ.

ಓದು ಬೇಗ ಹಚ್ಚಿದರೆ ಮುಂದೆ ಅನುಕೂಲ ಎನ್ನುವುದೂ ನಾವೇ ಮಾಡಿಕೊಂಡ ಸಮಾಧಾನ. ನ್ಯೂಜಿಲೆಂಡ್‌ನಲ್ಲಿ ಐದಕ್ಕೆ ಓದು ಶುರು ಮಾಡಿದವರನ್ನೂ ಏಳಕ್ಕೆ ಶುರು ಮಾಡಿದವರನ್ನೂ ಹೋಲಿಸಿ ನೋಡಿದರು. ಹನ್ನೊಂದರ ಹೊತ್ತಿಗೆ ಇಬ್ಬರ ಓದೂ ಒಂದೇ ಸಮ. ಅಮೆರಿಕದ ಟೆನೆಸಿ ರಾಜ್ಯದ ಕಥೆ ಇನ್ನೂ ಕಹಿ. ಸೀಟಿಗಿಂತ ಅರ್ಜಿ ಹೆಚ್ಚಾದಲ್ಲಿ ಚೀಟಿ ಎತ್ತಿ ಕೆಲವರಿಗೆ ಶಿಶುವಿಹಾರ ಕೊಟ್ಟರು, ಕೆಲವರಿಗೆ ಇಲ್ಲ. ಸುಮಾರು ಮೂರು ಸಾವಿರ ಮಕ್ಕಳನ್ನು ಆರನೇ ತರಗತಿಯವರೆಗೂ ಹಿಂಬಾಲಿಸಿ 2022ರಲ್ಲಿ ವರದಿ ಕೊಟ್ಟಾಗ, ಶಿಶುವಿಹಾರಕ್ಕೆ ಹೋದವರೇ ಪರೀಕ್ಷೆಯಲ್ಲಿ ಹಿಂದೆ, ಶಿಸ್ತಿನ ದೂರುಗಳಲ್ಲಿ ಮುಂದೆ. ಹಾಗಾದರೆ ಶಿಶುವಿಹಾರವೇ ಬೇಡವೇ? ಹಾಗಲ್ಲ. ಮಿಷಿಗನ್‌ನ ಇಪ್ಸಿಲಾಂಟಿಯಲ್ಲಿ 1962ರಿಂದ ಬರೀ 123 ಬಡ ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ, ಶಿಶುವಿಹಾರ ಕಂಡವರು ನಲವತ್ತರ ವಯಸ್ಸಿನಲ್ಲೂ ಉಳಿದವರಿಗಿಂತ ಹೆಚ್ಚು ಗಳಿಸುತ್ತಿದ್ದರು, ಕಡಿಮೆ ಜೈಲು ಕಂಡಿದ್ದರು. ಅಲ್ಲಿ ಮಗು ಬೆಳಿಗ್ಗೆ ತಾನೇನು ಮಾಡುವೆನೆಂದು ಹೇಳಿ, ಮಾಡಿ, ಆಮೇಲೆ ಏನಾಯಿತೆಂದು ವಿವರಿಸಬೇಕಿತ್ತು. ಕಾಪಿ ಪುಸ್ತಕ ಇರಲಿಲ್ಲ.

ಈಗ ಕೈನೋವಿನ ವಿಚಾರಕ್ಕೆ ಬರೋಣ. ನಮ್ಮ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಎಲುಬು. ಹುಟ್ಟಿದ ಮಗುವಿನ ಎಕ್ಸ್‌ರೇ ತೆಗೆದರೆ ಒಂದೂ ಕಾಣದು, ಎಲ್ಲ ಮೃದ್ವಸ್ಥಿ. ಮೊದಲ ವರ್ಷದೊಳಗೆ ಎರಡು ಗಟ್ಟಿಯಾಗಲು ತೊಡಗುತ್ತವೆ. ಉಳಿದವು ಒಂದೊಂದಾಗಿ ಬಂದು, ಆರರ ಹೊತ್ತಿಗೆ ಏಳು ಕಾಣಿಸಿಕೊಳ್ಳುತ್ತವೆ. ಕೊನೆಯದು ಎಂಟು ದಾಟಿದ ಮೇಲೆ. ಎಲುಬೊಂದೇ ಕಾರಣವಲ್ಲ, ಅದನ್ನು ಹಾಗೆ ಹೇಳಿ ಹೆದರಿಸುವವರ ಮಾತು ಅರ್ಧ ಸತ್ಯ. ಹೆಚ್ಚಿನ ಪಾಲು ಸ್ನಾಯುವಿನದು, ಕಣ್ಣು–ಕೈ ಹೊಂದಾಣಿಕೆಯದು. ಒಂದೂವರೆ ವರ್ಷದ ಮಗು ಬಳಪವನ್ನು ಮುಷ್ಟಿಯಲ್ಲಿ ಹಿಡಿದು ಭುಜದಿಂದ ಗೀಚುತ್ತದೆ. ಮೂರೂವರೆ–ನಾಲ್ಕಕ್ಕೆ ಮೂರು ಬೆರಳಿನ ಹಿಡಿತ ಬರುತ್ತದಾದರೂ ಅಲುಗಾಡುವುದು ಮಣಿಕಟ್ಟೇ. ಬೆರಳಿನ ತುದಿಗಳೇ ಕದಲಿ ಗೆರೆ ಎಳೆಯುವ ಹಿಡಿತ ಕೂಡುವುದು ನಾಲ್ಕೂವರೆಯಿಂದ ಆರರ ನಡುವೆ. ಆಕಾರಗಳಿಗೂ ಹೀಗೇ ಒಂದು ಸರದಿ ಇದೆ. ನೋಡಿಕೊಂಡು ಸೊನ್ನೆ ಬರೆಯುವುದು ಸುಮಾರು ಮೂರಕ್ಕೆ, ಕೂಡಿಸು ಚಿಹ್ನೆ ನಾಲ್ಕಕ್ಕೆ, ಚೌಕ ನಾಲ್ಕೂವರೆ–ಐದಕ್ಕೆ, ತ್ರಿಕೋನ ಐದು ದಾಟಿದ ಮೇಲೆ. ಓರೆ ಗೆರೆ ಕಷ್ಟ. ಆದ್ದರಿಂದಲೇ ಮೂರೂವರೆಯ ಮಗುವಿನ ಮುಂದೆ ‘ಎ’, ‘ಕೆ’, ‘ಎಕ್ಸ್’ ಇಟ್ಟರೆ ಅದು ಬರೆಯುವುದಿಲ್ಲ, ಸೆಣಸುತ್ತದೆ. ಪೆನ್ಸಿಲ್ ಜಾರದಂತೆ ಹೆಬ್ಬೆರಳನ್ನು ಬೆರಳುಗಳ ಮೇಲೆ ಸುತ್ತಿ ಒತ್ತುತ್ತದೆ. ಉಗುರು ಬಿಳುಚುತ್ತದೆ, ಗೆರೆ ಹಿಂದಿನ ಪುಟಕ್ಕೂ ಅಚ್ಚೊತ್ತುತ್ತದೆ. ನಿಮ್ಮ ಮಗಳ ಪುಸ್ತಕ ತಿರುವಿ ಬೆರಳಾಡಿಸಿ ನೋಡಿ. ಉಬ್ಬು ತಗುಲಿದರೆ ಕೈ ಯಾಕೆ ನೋಯುತ್ತದೆಂದು ಯಾರನ್ನೂ ಕೇಳಬೇಕಾಗಿಲ್ಲ. ಈ ಹಿಡಿತ ಒಮ್ಮೆ ಕೂತರೆ ಬಿಡಿಸುವುದು ಬಲು ಕಷ್ಟ.

ಹಾಗಾದರೆ ಏನು ಮಾಡಬೇಕು? ಅವರೆಕಾಳು ಹಿತುಕಿಸಬೇಕು. ತಮಾಷೆಯಲ್ಲ. ಒಂದು ಪಾವು ಹಸಿ ಅವರೆಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಟ್ಟಲೆರಡು ಕೊಟ್ಟು ಕೂರಿಸಿ. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳು ಹಿಡಿದು ಹದವಾಗಿ ಒತ್ತಿದರೆ ಬೇಳೆ ಚಿಮ್ಮುತ್ತದೆ, ಜಾಸ್ತಿ ಒತ್ತಿದರೆ ಹಿಟ್ಟಾಗುತ್ತದೆ, ಕಡಿಮೆಯಾದರೆ ಸಿಪ್ಪೆ ಬಿಡದು. ಎಷ್ಟು ಒತ್ತಬೇಕೆಂಬ ಅಂದಾಜನ್ನು ಬೆರಳಿಗೆ ಇಷ್ಟು ಚೆನ್ನಾಗಿ ಕಲಿಸುವ ಸಾಮಗ್ರಿಯನ್ನು ಯಾವ ಕಂಪನಿಯೂ ಡಬ್ಬಿಯಲ್ಲಿಟ್ಟು ಮಾರುತ್ತಿಲ್ಲ. ಹತ್ತು ನಿಮಿಷ ಸಾಕು. ರಂಗೋಲಿ ಪುಡಿ ಎತ್ತಿ ಚುಕ್ಕಿ ಇಡುವಾಗ ಹೆಬ್ಬೆರಳು, ತೋರುಬೆರಳು, ನಡುಬೆರಳು ಕೂಡುವ ರೀತಿ ಇದೆಯಲ್ಲ, ಪೆನ್ಸಿಲ್ ಹಿಡಿತವೂ ಅದೇ. ಮೊದಲು ಮೂರು ಸಾಲಿಗೆ ಮೂರು ಚುಕ್ಕಿ, ಅದು ನೆಟ್ಟಗೆ ಬಂದ ಮೇಲೆ 5ರಿಂದ 1ಕ್ಕೆ. ರೊಟ್ಟಿಯ ಹಿಟ್ಟು ನಾದಲು ಒಂದು ಮುದ್ದೆ ಕೊಡಿ, ಅಂಗೈ ಮತ್ತು ಭುಜಕ್ಕೆ ಬಲ ಬರಲಿ. ಭುಜ ಗಟ್ಟಿಯಿಲ್ಲದ ಮಗು ಬೆರಳನ್ನು ನಿಲ್ಲಿಸಲಾರದು. ಬರೆಯಲು ಆಸೆಪಟ್ಟರೆ ಬೇಡ ಎನ್ನಬೇಡಿ. ಗೋಡೆಗೆ ಸ್ಲೇಟು ಒರಗಿಸಿ, ಒಂದು ಅಂಗುಲಕ್ಕಿಂತ ಸ್ವಲ್ಪ ಹೆಚ್ಚಿರುವ ತುಂಡು ಬಳಪ ಕೊಡಿ. ತುಂಡು ಬಳಪವನ್ನು ಮುಷ್ಟಿಯಲ್ಲಿ ಹಿಡಿಯಲು ಜಾಗವೇ ಇರದು, ಬೆರಳು ತಾನಾಗಿ ಸರಿಯಾದಲ್ಲಿ ಕೂರುತ್ತದೆ. ನಾವು ಮಾಡುವುದು ತಿರುಗುಮುರುಗು: ಉದ್ದನೆಯ ಹೊಸ ಪೆನ್ಸಿಲ್ ಮಗುವಿಗೆ, ತುಂಡು ಕಸಕ್ಕೆ.

ವಿಜಯದಶಮಿಯ ದಿನ ಅಕ್ಷರಾಭ್ಯಾಸ ಮಾಡಿಸಿದ್ದೀರಿ ಎಂದುಕೊಳ್ಳುತ್ತೇವೆ. ತಟ್ಟೆಯ ತುಂಬ ಅಕ್ಕಿ, ಅದರಲ್ಲಿ ಮಗುವಿನ ಬೆರಳು ಹಿಡಿದು ಅಂಗೈ ಅಗಲದ ‘ಓಂ’. ಹಳೆಯ ಮಠಗಳಲ್ಲಿ ಮರಳಿನ ಮೇಲೆ ತಿಂಗಳುಗಟ್ಟಲೆ ಹೀಗೇ ತಿದ್ದಿಸುತ್ತಿದ್ದರು. 1907ರಲ್ಲಿ ರೋಮ್‌ನ ಬಡವರ ಕೇರಿಯಲ್ಲಿ ಶಾಲೆ ತೆರೆದ ಮರಿಯಾ ಮಾಂಟೆಸ್ಸರಿ ಉಪ್ಪುಕಾಗದದ ಅಕ್ಷರಗಳ ಮೇಲೆ ಎರಡು ಬೆರಳಾಡಿಸಲು ಕಲಿಸಿದ್ದೂ ಇದೇ ಕಾರಣಕ್ಕೆ: ಅಕ್ಷರದ ತಿರುವು ಮೊದಲು ಬೆರಳಿಗೆ ಗೊತ್ತಾಗಲಿ ಎಂದು. ಆಕೆ 1939ರಲ್ಲಿ, 69ರ ವಯಸ್ಸಿನಲ್ಲಿ, ಮದರಾಸಿನ ಅಡ್ಯಾರಿಗೆ ಬಂದು ತರಬೇತಿ ಕೊಟ್ಟರು, ಯುದ್ಧ ಮುಗಿಯುವವರೆಗೂ ಇಲ್ಲೇ ಉಳಿದರು. ಈಗ ಪ್ರತಿ ಬಡಾವಣೆಯಲ್ಲೂ ಅವರ ಹೆಸರಿನ ಬೋರ್ಡು. ಆ ಹೆಸರು ಯಾರ ಸ್ವತ್ತೂ ಅಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ಒಳಗೆ ಹೋಗಿ ಎರಡೇ ಸಂಗತಿ ನೋಡಿ. ಮೂರರಿಂದ ಆರರ ಮಕ್ಕಳು ಒಂದೇ ಕೋಣೆಯಲ್ಲಿ ಕಲೆತು ಇದ್ದಾರೆಯೇ? ಮನೆಗೆ ಕಾಪಿ ಬರೆಯಲು ಕೊಡುತ್ತಾರೆಯೇ? ಕೊಟ್ಟರೆ ಅದು ಬೋರ್ಡು ಮಾತ್ರ.

ಕನ್ನಡದ ಮಾತು ಬೇರೆಯೇ ಇದೆ. ಇಂಗ್ಲಿಷಿನ 26 ಅಕ್ಷರ ಕಲಿಸಿದ ಹಾಗೆ ನಮ್ಮ ವರ್ಣಮಾಲೆಯನ್ನು ಒಂದು ವರ್ಷದಲ್ಲಿ ಮುಗಿಸುತ್ತೇವೆ ಎಂದು ಹೊರಡುವವರು ಲೆಕ್ಕ ತಪ್ಪಿದ್ದಾರೆ. 34 ವ್ಯಂಜನಗಳಿಗೆ ಕಾಗುಣಿತ ಹಚ್ಚಿದರೇ ನಾನ್ನೂರು ದಾಟುತ್ತದೆ, ಮೇಲೆ ಒತ್ತಕ್ಷರ. ಕನ್ನಡ ಓದು ಕಲಿಯುವ ಮಕ್ಕಳನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ 2007ರಲ್ಲೇ ತೋರಿಸಿದ್ದಾರೆ: ನಮ್ಮ ಲಿಪಿ ಪೂರ್ತಿ ಕೈವಶವಾಗಲು ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಬೇಕು. ಅದು ಮಗುವಿನ ದಡ್ಡತನವಲ್ಲ, ಲಿಪಿಯ ಸ್ವಭಾವ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ನಲಿ–ಕಲಿ ಪದ್ಧತಿ ಈ ಗಂಟನ್ನು ಚೆನ್ನಾಗಿ ಬಿಡಿಸಿತು. ಅಆಇಈ ಸಾಲು ಬಿಟ್ಟು ರ, ಗ, ಸ, ದ, ಅ ಎಂದು ಶುರು. ಒಂದೇ ಸುತ್ತಿನ ಸುಲಭದ ಅಕ್ಷರಗಳು, ಐದೇ ಕಲಿತರೂ ಸರ, ಅರಸ, ಅಗಸ, ಗರಗಸ ಓದಬಹುದು. ‘ಈ’, ‘ಋ’ಗಳ ಸುರುಳಿಯಲ್ಲಿ ನಾಲ್ಕು ವರ್ಷದ ಮಗುವನ್ನು ಕೆಡವುವವರು ಇದನ್ನು ಗಮನಿಸಬೇಕು.

ಅದಕ್ಕೂ ಮೊದಲು ಬೇಕಾದದ್ದು ಕಿವಿ. ‘ಕಮಲ’ ಎಂದರೆ ಮೂರು ಚಪ್ಪಾಳೆ, ‘ಗರಗಸ’ಕ್ಕೆ ನಾಲ್ಕು. ‘ಗರಗಸ’ದ ಮೊದಲ ‘ಗ’ ತೆಗೆದರೆ ಏನುಳಿಯಿತು? ನಿಮ್ಮ ಮಗಳು ‘ರಗಸ’ ಎಂದರೆ ಓದಿನ ಬಾಗಿಲು ತೆರೆದಿದೆ. ಬಸ್ಸಿನಲ್ಲಿ, ಬಟ್ಟೆ ಮಡಚುವಾಗ ಆಡಿ. ಹೇಳಿದ ಕಥೆಯನ್ನು ಮಾರನೇ ದಿನ ಅವಳ ಬಾಯಿಂದ ಹೇಳಿಸಿ. ನಡುವೆ ತಿದ್ದಬೇಡಿ, ‘ಆಮೇಲೆ?’ ಎಂದಷ್ಟೇ ಕೇಳಿ.

ನೂರರವರೆಗೆ ಎಣಿಸುತ್ತಾಳೆ ಎಂದಿರಿ. ಸಂತೋಷ. ಒಂದು ಬುಟ್ಟಿ ಶೇಂಗಾ ಮುಂದಿಟ್ಟು, ‘ನನಗೆ ಹದಿಮೂರು ಕೊಡು’ ಎನ್ನಿ. ಎಣಿಸಿ ಕೊಟ್ಟು ಹದಿಮೂರಕ್ಕೆ ನಿಲ್ಲಿಸಿದರೆ ಅವಳಿಗೆ ಸಂಖ್ಯೆ ಗೊತ್ತು. ಬೊಗಸೆ ತುಂಬ ಎತ್ತಿ ಕೊಟ್ಟರೆ ಅವಳಿಗೆ ಗೊತ್ತಿರುವುದು ಹಾಡು. ಇದಕ್ಕೆ ಔಷಧವಿದೆ. ಒಂದು ರಟ್ಟಿನ ಪಟ್ಟಿಯಲ್ಲಿ ಎಡದಿಂದ ಬಲಕ್ಕೆ ಹತ್ತು ಮನೆ ಬರೆದು 1ರಿಂದ 10 ಅಂಕಿ ಹಾಕಿ. ಒಂದೇ ಕವಡೆ: ಬಾಯಿ ಮೇಲಾದರೆ ಒಂದು, ಬೆನ್ನು ಮೇಲಾದರೆ ಎರಡು. ಇಂಥದ್ದೇ ಆಟವನ್ನು ಎರಡು ವಾರದಲ್ಲಿ ಹದಿನೈದು ನಿಮಿಷದಂತೆ ನಾಲ್ಕು ಸಲ ಆಡಿಸಿದ್ದಕ್ಕೇ ಬಡ ಮನೆಯ ಮಕ್ಕಳ ಸಂಖ್ಯಾಜ್ಞಾನ ಎದ್ದು ಕಾಣುವಷ್ಟು ಏರಿತೆಂದು 2008ರ ಅಧ್ಯಯನವೊಂದು ಹೇಳುತ್ತದೆ. ಆದರೆ ಆಡಿಸುವವರು ಸಾಮಾನ್ಯವಾಗಿ ಒಂದು ಕಡೆ ಎಡವುತ್ತಾರೆ. ಕಾಯಿ 3ರಲ್ಲಿದ್ದು ಎರಡು ಬಿದ್ದರೆ ಮಗು ‘ಒಂದು, ಎರಡು’ ಎಂದು ಸರಿಸುತ್ತದೆ. ಹಾಗೆ ಬಿಟ್ಟರೆ ಲಾಭ ಅಷ್ಟಕ್ಕಷ್ಟೇ. ಮನೆಯ ಅಂಕಿ ನೋಡಿ ‘ನಾಲ್ಕು, ಐದು’ ಎನ್ನಿಸಬೇಕು. ಚೌಕಾಬಾರ ಎನ್ನಿ, ಕಟ್ಟೆಮನೆ ಎನ್ನಿ, ಅದು ಸುತ್ತು ಹಾದಿಯ ಆಟ. ನೇರ ಪಟ್ಟಿ ಪಳಗಿದ ಮೇಲೆ ಅದಕ್ಕೆ ಇಳಿಯಲಿ.

ಒಂದನೇ ತರಗತಿಯ ಮೇಷ್ಟರನ್ನೇ ಕೇಳಿ, ಮಗುವಿಗೆ ಏನು ಬಂದಿದ್ದರೆ ನಿಮ್ಮ ಕೆಲಸ ಹಗುರವೆಂದು. ಅಕ್ಷರ ಎನ್ನುವವರು ಕಡಿಮೆ. ಹೇಳಿದ್ದನ್ನು ಕೇಳಿಸಿಕೊಳ್ಳಲಿ, ಸರದಿಗೆ ಕಾಯಲಿ, ಡಬ್ಬಿ ಮುಚ್ಚಳ ತಾನೇ ತೆಗೆಯಲಿ, ಮೂತ್ರಕ್ಕೆ ಹೋಗಬೇಕೆಂದು ಬಾಯಿಬಿಟ್ಟು ಕೇಳಲಿ ಎನ್ನುತ್ತಾರೆ. ಕೊನೆಯದನ್ನು ಹಗುರವಾಗಿ ನೋಡಬೇಡಿ. ಕೇಳಲು ಅಂಜಿ ನೀರನ್ನೇ ಕುಡಿಯದೆ ಬಾಟಲಿ ತುಂಬಿದ್ದು ತುಂಬಿದಂತೆ ವಾಪಸ್ ತರುವ ಮಕ್ಕಳಿಗೆ ಮಲಬದ್ಧತೆ, ಉರಿಮೂತ್ರ ಕಾದಿರುತ್ತವೆ. ಇನ್ನು ಮನಸ್ಸಿಗೆ ಬ್ರೇಕು ಹಾಕುವ ಶಕ್ತಿ. ಮೂರರ ಮಗುವಿಗೆ ಗುಂಡಿಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸಲು ಹೇಳಿ, ನಡುವೆ ‘ಇನ್ನು ಆಕಾರದ ಪ್ರಕಾರ’ ಎಂದರೆ, ನಿಯಮ ಬಾಯಲ್ಲಿ ಹೇಳುತ್ತಲೇ ಕೈ ಬಣ್ಣಕ್ಕೇ ಹೋಗುತ್ತದೆ. ಐದರ ಹೊತ್ತಿಗೆ ಬದಲಿಸಿಕೊಳ್ಳುತ್ತದೆ. ಈ ಶಕ್ತಿ ಬೆಳೆಸಲು ಕೆರೆ–ದಡ ಆಟದಷ್ಟು ಒಳ್ಳೆಯದು ಇನ್ನೊಂದಿಲ್ಲ. ಒಂದು ಗೆರೆ, ಈಚೆ ದಡ, ಆಚೆ ಕೆರೆ. ಮೂರು ದಿನ ನೇರವಾಗಿ ಆಡಿಸಿ, ನಾಲ್ಕನೇ ದಿನ ತಿರುಗಿಸಿ: ‘ಕೆರೆ’ ಎಂದರೆ ದಡಕ್ಕೆ ಹಾರಬೇಕು. ತಪ್ಪಿದವರನ್ನು ಔಟ್ ಮಾಡಬೇಡಿ. ಔಟ್ ಆಗಿ ಮೂಲೆಯಲ್ಲಿ ಕೂರುವುದು ಯಾರಿಗೆ ಈ ಅಭ್ಯಾಸ ಎಲ್ಲರಿಗಿಂತ ಹೆಚ್ಚು ಬೇಕೋ ಆ ಮಗುವೇ.

ಒಂದು ದಿನ ಆರೋಗ್ಯಕ್ಕೂ ಮೀಸಲಿಡಿ. ಒಂದೊಂದೇ ಕಣ್ಣು ಮುಚ್ಚಿಸಿ ದೂರದ ಕ್ಯಾಲೆಂಡರ್ ನೋಡಿಸಿ. ಮಂದಗಣ್ಣನ್ನು ಏಳರೊಳಗೆ ಹಿಡಿದರೆ ಚೆನ್ನಾಗಿ ಸರಿಯಾಗುತ್ತದೆ. ಪದೇ ಪದೇ ಕಿವಿ ಸೋರುತ್ತಿದ್ದರೆ ಶ್ರವಣ ಪರೀಕ್ಷೆ ಮಾಡಿಸಿ. ಐದರಿಂದ ಆರರ ನಡುವಿನ ಡಿಪಿಟಿ ಬೂಸ್ಟರ್ ಲಸಿಕೆ ಆಗಿದೆಯೇ ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದರೊಳಗಿನ ಮಕ್ಕಳಲ್ಲಿ 65.5% ಮಂದಿಗೆ ರಕ್ತಹೀನತೆ. ‘ಗಮನ ಕೊಡುವುದಿಲ್ಲ, ಸೋಮಾರಿ’ ಎಂದು ಬೈಸಿಕೊಳ್ಳುವ ಎಷ್ಟೋ ಮಕ್ಕಳಿಗೆ ಬೇಕಿರುವುದು ಟ್ಯೂಷನ್ ಅಲ್ಲ, ಕಬ್ಬಿಣಾಂಶ.

ಇಷ್ಟೆಲ್ಲ ಮನೆಯಲ್ಲೇ ಆಗಬೇಕೇ ಎಂದು ಕೇಳುತ್ತೀರಿ. ಆಗಬಾರದು! ಇದಕ್ಕೆಂದೇ ಅಂಗನವಾಡಿ ಎಂಬ ಒಂದು ವ್ಯವಸ್ಥೆ ಇದೆ, ನಿಮ್ಮ ಬೀದಿಯ ಕೊನೆಯಲ್ಲೇ ಇರಬಹುದು. ಮಹಾರಾಷ್ಟ್ರದ ಬೋರ್ಡಿ, ಕೋಸ್‌ಬಾಡ್‌ಗಳಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಆದಿವಾಸಿ ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯನ್ನೇ ಅವರ ಅಂಗಳಕ್ಕೆ ಒಯ್ದರು. ಅಂಗನವಾಡಿ ಎಂಬ ಮಾತಿನೊಳಗೆ ಇರುವುದು ಆ ಅಂಗಳವೇ. 1975ರ ಅಕ್ಟೋಬರ್ 2ರಂದು ನಮ್ಮ ರಾಜ್ಯದ ಮೊದಲ ಯೋಜನೆ ಟಿ. ನರಸೀಪುರದಲ್ಲಿ ಶುರುವಾಯಿತು. ಈಗ ಕೇಂದ್ರಗಳು ಅರವತ್ತೈದು ಸಾವಿರಕ್ಕೂ ಹೆಚ್ಚು. ಅವುಗಳ ‘ಚಿಲಿಪಿಲಿ’ ಪಠ್ಯಕ್ರಮ ತೆಗೆದು ನೋಡಿ, ನಾವು ಮೇಲೆ ಹೇಳಿದ ಆಟ, ಹಾಡು, ಕಥೆ, ಮಣ್ಣು ಎಲ್ಲ ಅಲ್ಲಿವೆ. ಇಲ್ಲದ್ದು ಕಾರ್ಯಕರ್ತೆಗೆ ಪುರುಸೊತ್ತು. ಮಕ್ಕಳ ತೂಕ, ಗರ್ಭಿಣಿಯರ ಪಟ್ಟಿ, ಮೊಟ್ಟೆಯ ಲೆಕ್ಕ, ಸಮೀಕ್ಷೆ, ಚುನಾವಣೆಯ ಮನೆ ಸುತ್ತಾಟ. 2021ರಿಂದ ಇವುಗಳ ಮೇಲೆ, ಲೆಕ್ಕಗಳನ್ನು ಮೊಬೈಲಿನಲ್ಲಿ ತುಂಬಬೇಕಾದ ಪೋಷಣ್ ಟ್ರ್ಯಾಕರ್ ಆ್ಯಪ್. ಕಥೆ ಹೇಳಬೇಕಾದ ಹೊತ್ತಿನಲ್ಲಿ ಆಕೆ ನೆಟ್‌ವರ್ಕ್ ಹುಡುಕುತ್ತಾ ಹೊರಗೆ ನಿಂತಿರುತ್ತಾಳೆ. ಆಕೆಗೆ ಸಿಗುವುದು ಸಂಬಳವಲ್ಲ, ‘ಗೌರವಧನ’. ಗ್ರಾಚ್ಯುಯಿಟಿಗೆ ಆಕೆ ಅರ್ಹಳೆಂದು ಹೇಳಲು 2022ರಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು. ಇದನ್ನು ಸರಿಪಡಿಸುವ ಬದಲು ಪಕ್ಕದ ಸರ್ಕಾರಿ ಶಾಲೆಯಲ್ಲೇ ಎಲ್‌ಕೆಜಿ ತೆರೆದು, ಇರುವ ಮಕ್ಕಳನ್ನು ಅಲ್ಲಿಂದ ಇಲ್ಲಿಗೆ ಸೆಳೆಯುವುದು ಯಾವ ಜಾಣತನ?

ಕಾನೂನೂ ಈ ವಯಸ್ಸಿನವರನ್ನು ಹೊಸಿಲಾಚೆಯೇ ನಿಲ್ಲಿಸಿದೆ. ಸಂವಿಧಾನದ 2002ರ ತಿದ್ದುಪಡಿ ಆರರಿಂದ ಹದಿನಾಲ್ಕರವರಿಗೆ ಶಿಕ್ಷಣವನ್ನು ಹಕ್ಕಾಗಿಸಿತು. ಆರರೊಳಗಿನವರನ್ನು 45ನೇ ವಿಧಿಯಲ್ಲಿ ಸರ್ಕಾರದ ಸದಾಶಯಕ್ಕೆ ಬಿಟ್ಟಿತು. ಪುಟ್ಟ ಮಕ್ಕಳ ಶಿಕ್ಷಣಕ್ಕೆಂದು ಬಂದ 2013ರ ರಾಷ್ಟ್ರೀಯ ನೀತಿ ಮೂರರಿಂದ ಆರರ 20 ಮಕ್ಕಳಿಗೆ ಒಬ್ಬರು ದೊಡ್ಡವರಿರಬೇಕು ಎಂದಿತು. 2020ರ ಬ್ಯಾಗ್ ನೀತಿ ಪೂರ್ವ ಪ್ರಾಥಮಿಕಕ್ಕೆ ಚೀಲವೇ ಬೇಡ, ಎರಡನೇ ತರಗತಿಯವರೆಗೆ ಹೋಮ್‌ವರ್ಕ್ ಬೇಡ ಎಂದಿತು. ನಿಮ್ಮ ಮಗಳ ಎರಡು ಪುಟ ಕಾಪಿ ಈ ಎಲ್ಲ ಕಾಗದಗಳ ನಂತರವೂ ದಿನಾ ಮನೆಗೆ ಬರುತ್ತಿದೆ. ಮಾರನೇ ಬೆಳಿಗ್ಗೆ ಅದನ್ನು ಪೂರ್ತಿ ಮಾಡಿಸಿ ಕಳಿಸುತ್ತಿರುವವರು ನೀವು. ಶಾಲೆಯವರನ್ನು ಕೇಳಿದರೆ ‘ಪೋಷಕರೇ ಬರೆಸಿ ಅನ್ನುತ್ತಾರೆ’ ಎನ್ನುತ್ತಾರೆ. ನೀವು ಅವರತ್ತ ಕೈ ತೋರುತ್ತೀರಿ. ನಡುವೆ ನೋಯುತ್ತಿರುವ ಕೈ ಒಂದೇ.

ವಯಸ್ಸಿನ ನಿಯಮದ ವಿರುದ್ಧ ನಾವು ಬರೆಯುವುದಿಲ್ಲ. ಆದರೆ ಅದೇ ಯುಕೆಜಿ, ಅದೇ ಪುಸ್ತಕ, ಅದೇ ಕಾಪಿ ಇನ್ನೊಂದು ವರ್ಷಕ್ಕೂ ಎಂದರೆ ಅದನ್ನು ನೀವು ಒಪ್ಪಬೇಕಾಗಿಲ್ಲ. ಫೀಸು ಕಟ್ಟುವ ಮೊದಲು ಶಾಲೆಗೆ ಹೋಗಿ ಮೂರು ಪ್ರಶ್ನೆ ಕೇಳಿ: ದಿನದಲ್ಲಿ ಎಷ್ಟು ಹೊತ್ತು ಬಯಲಿನಲ್ಲಿ? ಒಬ್ಬ ಟೀಚರಿಗೆ ಎಷ್ಟು ಮಕ್ಕಳು? ಯುಕೆಜಿ ಮುಗಿಸಿದವಳಿಗೆ ಬೇರೆ ಏನು ಯೋಚಿಸಿದ್ದೀರಿ? ಮೂರನೆಯದಕ್ಕೆ ಉತ್ತರವಿಲ್ಲದಿದ್ದರೆ ಹತ್ತಿರದ ಅಂಗನವಾಡಿಗೆ ಬೆಳಿಗ್ಗೆ ಹೋಗಿ ಅರ್ಧ ಗಂಟೆ ಕೂತು ಬನ್ನಿ. ಕಾರ್ಯಕರ್ತೆ ಮಕ್ಕಳ ನಡುವೆ ನೆಲದ ಮೇಲೆ ಕೂತಿದ್ದು ಕಂಡರೆ ಅಲ್ಲಿಗೇ ಕಳಿಸಿ, ಫೀಸಿನ ದುಡ್ಡಿಗೆ ಕಥೆ ಪುಸ್ತಕ ತನ್ನಿ.

ಪೆನ್ಸಿಲ್ ಅನ್ನು ಇವತ್ತಿನಿಂದ ಒಂದು ತಿಂಗಳು ಎತ್ತಿಡಿ. ಆಮೇಲೂ ಕೈ ನೋವು ಎಂದರೆ, ಅಥವಾ ಗುಂಡಿ ಹಾಕಲು, ಮೆಟ್ಟಿಲು ಹತ್ತಲು ತಡವರಿಸಿದರೆ ಮಕ್ಕಳ ವೈದ್ಯರಿಗೆ ತೋರಿಸಿ. 6 ಅಂಕಿಯನ್ನು ತಿರುಗಿಸಿ ಬರೆದರೆ ಗಾಬರಿ ಬೇಡ, ಏಳರವರೆಗೂ ಅದು ಸಹಜ. ಎಡಗೈಯಲ್ಲಿ ಬರೆದರೆ ಬದಲಿಸಬೇಡಿ. ಸೊಗಡಿನ ಅವರೆ ಪೇಟೆಗೆ ಬರುವುದು ಚಳಿಗಾಲಕ್ಕೆ. ಅಲ್ಲಿಯವರೆಗೆ ಶೇಂಗಾ ಸುಲಿಸಿ. ಸುಲಿದದ್ದು ಬಟ್ಟಲಿಗಿಂತ ಬಾಯಿಗೇ ಹೆಚ್ಚು ಹೋದರೂ ಬೈಯಬೇಡಿ.

– ಸಂ.